ನಂಗು ಮೀನಿನವರಿಗೆ, ಹೆಸರು ಬದಲಿಸಿಕೊಳ್ಳುವಂತೆ ಕೋರಿ

ಶ್ರೀಮಾನ್ ನಂಗು ಮೀನಿನವರಿಗೆ,
ಅರಬ್ಬೀ ಸಮುದ್ರ, ದಡದಿಂದ ಕೂಗಳತೆಯೊಳಗೆ,
ಮರಳಿನ ಮೇಲೆ, ಎಡಮಗ್ಗುಲು ಆಕಾಶಕ್ಕೆ.

ಮಾನ್ಯರೇ,

ಚಪ್ಪಟೆ ಕುಲದ ತಿಲಕರೂ, ಮರಳನ್ನೇ ಹಾಸಿ ಮರಳನ್ನೇ ಹೊದೆಯುವವರೂ, ಎರಡು ಕಣ್ಣುಗಳನ್ನೂ ಒಂದೇ ಕೆನ್ನೆಯಲ್ಲಿಟ್ಟುಕೊಂಡು ಲೋಕವ್ಯಾಪಾರವನ್ನೆಲ್ಲ ಅವಲೋಕಿಸಬಲ್ಲವರೂ ಆದ ತಮ್ಮ ಸನ್ನಿಧಾನಕ್ಕೆ, ಪೀಣ್ಯದ ಮಗ್ಗುಲಿನ ಬಾಗಲಗುಂಟೆಯ ಮೂಲನಿವಾಸಿಯೂ, ಮೂರು ಮಹಡಿಯ ಬಾಡಿಗೆ ಕಟ್ಟಡದ ಒಡೆಯನೂ, ಪೌರಾಣಿಕ ನಾಟಕಗಳಲ್ಲಿ ಕಿರೀಟವಿಟ್ಟು ಗದೆ ಹೊತ್ತು, ಮೈಕು ಕೈಕೊಟ್ಟಾಗಲೂ ಕಟ್ಟಕಡೆಯಲ್ಲಿ ಕೂತು ಕಡಲೆಕಾಯಿ ಮಾರುವವಳವರೆಗೆ ಮಾತು ಮುಟ್ಟಿಸಿದ ರಾಜಾಪಾರ್ಟಿನವನೂ ಆದ ಶ್ಯಾಮಣ್ಣನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದದ್ದು ರೂಢಿಯ ಮಾತು. ನನ್ನ ಹೊಟ್ಟೆ ಈಗ ಅದಕ್ಕೆ ಒಪ್ಪುವುದಿಲ್ಲ. ತಾವಾದರೋ ಹುಟ್ಟಿದಾರಭ್ಯ ಸಾಷ್ಟಾಂಗದಲ್ಲೇ ಇರುವವರು. ಆದ್ದರಿಂದ ಇಬ್ಬರ ಪಾಲಿನದನ್ನೂ ತಾವೇ ಸಲ್ಲಿಸಿದಿರೆಂದು ಭಾವಿಸಿ, ನೇರವಾಗಿ ದೂರಿಗೆ ಬರುತ್ತೇನೆ.

ನನಗಿರುವವಳು ಒಬ್ಬಳೇ ಮಗಳು, ಬಿಂದುಶ್ರೀ. ಪೀಣ್ಯ ಎರಡನೇ ಹಂತದ ಒಂದು ಗೇರ್ ಕಾರ್ಖಾನೆಯಲ್ಲಿ, ತಯಾರಾದ ಗೇರುಗಳ ಹಲ್ಲು ಅಳೆದು ಸರಿಯಿಲ್ಲದ್ದನ್ನು ಆಚೆಗೆಸೆಯುವ ಕೆಲಸ ಅವಳದು. ಲೋಕದ ಹಲ್ಲನ್ನೆಲ್ಲ ಅಷ್ಟು ಸೂಕ್ಷ್ಮವಾಗಿ ಅಳೆಯುವ ಈ ಮಗಳು ಒಂದು ಭಾನುವಾರ ನನ್ನೆದುರು ನಿಂತು, ನಮ್ಮದೇ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿರುವ ಲೋಕೇಶನನ್ನು ಮದುವೆಯಾಗುತ್ತೇನೆ ಎಂದಳು. ನಾನು ಕೂಡದು ಎಂದೆ. ಆ ನನ್ನ 'ಕೂಡದು' ಎಂಬ ಮಾತನ್ನು, ಗಂಡಿನ ಮನೆಯವರೆಗೂ ಹೊತ್ತುಕೊಂಡು ಹೋಗಿ ಅಲ್ಲಿ ಮೊಳಗಿಸಬೇಕೆಂದಿದ್ದ ಆ ಮಾತನ್ನು, ತಾವು ತಮ್ಮ ಎರಡಕ್ಷರದ ಹೆಸರಿನಿಂದ ಮಧ್ಯಾಹ್ನದ ಹೊತ್ತಿನಲ್ಲಿ ಎಲ್ಲರ ಕಣ್ಣೆದುರಿಗೇ ಅಪಹರಿಸಿದಿರಿ. ಇದೇ ನನ್ನ ಫಿರ್ಯಾದು. ಮಿಕ್ಕದ್ದೆಲ್ಲ ವಿವರ.

ಹುಡುಗನಲ್ಲಿ ದೋಷವಿರಲಿಲ್ಲ, ದೊಡ್ಡ ತೊಂದರೆಯೇ ಅದು. ಲೇತ್ ಮೆಷಿನ್ನಿನಲ್ಲಿ ಒಳ್ಳೆಯ ಕೆಲಸಗಾರ, ಕುಡಿಯುವುದಿಲ್ಲ, ತಾರಸಿಯ ಮೇಲೆ ಒಗೆದ ಬಟ್ಟೆಯನ್ನು ಬೇರೆಯವರ ಹಗ್ಗಕ್ಕೆ ಹಾಕುವುದಿಲ್ಲ. ಆದರೆ ಬಾಡಿಗೆಯವನು ಬಾಡಿಗೆಯವನೇ ತಾನೆ. ಇವತ್ತು 'ಸಾರ್, ಮೋಟರ್ ಹಾಕಿ ಸಾರ್, ನೀರು ಬರ್ತಿಲ್ಲ' ಎಂದು ಮೆಟ್ಟಿಲ ಮೇಲೆ ನಿಂತು ಬೇಡುವವನು, ನಾಳೆ ಅಳಿಯನಾಗಿ ನಡುಮನೆಯ ಸೋಫಾದಲ್ಲಿ ಕೂತು 'ಮಾವ, ಮೋಟರ್' ಎಂದರೆ ಸ್ವಿಚ್ಚು ಒತ್ತುವವರು ಯಾರು? ಮೇಲಾಗಿ ಊರು ಸುಮ್ಮನಿರುತ್ತದೆಯೇ? ನನ್ನ ಜೊತೆ ಆಟವಾಡಿ ಬೆಳೆದ ರಾಮಯ್ಯ, ಎದುರು ಬೀದಿಯಲ್ಲಿ ನನಗಿಂತ ಒಂದು ಮಹಡಿ ಹೆಚ್ಚು ಕಟ್ಟಿಸಿದ್ದಾನೆಂಬ ಒಂದೇ ಕಾರಣಕ್ಕೆ ನನಗೆ ಬುದ್ಧಿ ಹೇಳುವ ಹಕ್ಕು ಪಡೆದವನು, ಅರಳಿಕಟ್ಟೆಯಲ್ಲಿ ಹತ್ತು ಜನರ ಮುಂದೆ ಕೇಳಿಯೇಬಿಟ್ಟ: "ಏನ್ ಶ್ಯಾಮಣ್ಣ, ಅಡ್ವಾನ್ಸ್ ವಾಪಸ್ ಕೊಡ್ಬೇಕಾಯ್ತದೆ ಅಂತ ಮಗಳ್ನೇ ಕೊಡ್ತಿದ್ದೀಯಂತೆ." ಹತ್ತೂ ಜನ ನಕ್ಕರು. ಬೀಡಿ ಬಾಯಲ್ಲಿದ್ದವರು ಅದನ್ನು ತೆಗೆದಿಟ್ಟು ನಕ್ಕರು.

ಫೋನಿನಲ್ಲೇ ಇಲ್ಲವೆಂದು ಹೇಳಿ ಮುಗಿಸುತ್ತೇನೆ ಎಂದರೆ ನನ್ನ ಧರ್ಮಪತ್ನಿ ವೆಂಕಟಮ್ಮ ಬಿಡಲಿಲ್ಲ. "ಬ್ಯಾಡ ಅನ್ನೋದಾದ್ರೆ ಅವ್ರ ಮನೇಗ್ ಓಗಿ, ಮಖ ನೋಡಿ, ಬ್ಯಾಡ ಅಂದ್ಬುಟ್ ಬಾ. ಫೋನಾಗೇ ಮುಗ್ಸಾಕೆ ಅದೇನು ಗ್ಯಾಸ್ ಬುಕ್ಕಿಂಗಾ" ಎಂದಳು. ತನಗೆ ಮಂಡಿನೋವು, ಘಟ್ಟ ಇಳಿಯಲಾರೆ ಎಂದು ಕೂತಳು. ಸರಿಯೆಂದು ನಾನೇ ಲೋಕೇಶನನ್ನು ಜೊತೆಗಿಟ್ಟುಕೊಂಡು, ಇಸ್ತ್ರಿಯ ಗೆರೆಯಲ್ಲಿ ಬೆರಳು ಕುಯ್ದುಕೊಳ್ಳುವಂಥ ಬಿಳಿ ಪಂಚೆ ಉಟ್ಟು, ಜರಿ ಶಾಲು ಹೊದೆದು, ಮಲ್ಪೆಗೆ ಹತ್ತಿರದ ಅವರ ಕಡಲತಡಿಯ ಊರಿಗೆ ಬಸ್ಸು ಹತ್ತಿದೆ. ನೆಲಮಂಗಲ ದಾಟುವಷ್ಟರಲ್ಲಿ ನಿರಾಕರಣೆಯ ಮಾತಿನ ಮೊದಲ ಭಾಗ ಸಿದ್ಧವಾಗಿತ್ತು. ಘಟ್ಟ ಇಳಿಯುವಾಗ ತಿರುವು ತಿರುವಿಗೂ ಸ್ವರ ಏರಿಸಿ ಇಳಿಸಿ ಪಳಗಿಸಿದೆ. ಪಕ್ಕದ ಸೀಟಿನವರು ಬೇರೆ ಸೀಟಿಗೆ ಹೋದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ತಮ್ಮ ಗಮನಕ್ಕೆ ತರಬೇಕು. ಮಾತುಕತೆ ಇತ್ಯರ್ಥವಾಗುವವರೆಗೆ ಹೆಣ್ಣಿನ ಕಡೆಯವರು ಗಂಡಿನ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ. ಮುಟ್ಟಿದರೆ ಒಪ್ಪಿದ ಹಾಗೆ. ಆದ್ದರಿಂದ ನೀರಿನ ಹೊರತು ಏನನ್ನೂ ಬಾಯಿಗಿಡುವುದಿಲ್ಲವೆಂದು ನಾನು ಶಪಥ ಮಾಡಿ ಹೊರಟಿದ್ದೆ. ಈ ಪದ್ಧತಿಯನ್ನು ಲೋಕೇಶನಿಗೆ ನನ್ನ ಮಗಳು ಹೇಳಿದ್ದಳು. ಲೋಕೇಶ ತನ್ನ ತಾಯಿ ವನಜಕ್ಕನಿಗೆ ಹೇಳಿದ್ದ. ಇದನ್ನು ನೆನಪಿನಲ್ಲಿಡತಕ್ಕದ್ದು, ಆಗ ನನಗದು ತಿಳಿದಿರಲಿಲ್ಲ.

ಬೆಳಿಗ್ಗೆ ಅವರ ಮನೆ ಮುಟ್ಟಿದರೆ ಮಾತಾಡಲು ಜನವೇ ಇಲ್ಲ. ಇಡೀ ಊರು ದಡದಲ್ಲಿತ್ತು. ಕೈರಂಪಣಿ ಎಂಬ ಉದ್ದನೆಯ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ಗಂಡಸರು ಹೆಂಗಸರೆನ್ನದೆ ಎಲ್ಲರೂ ದಡದಿಂದ ಎಳೆಯುತ್ತಿದ್ದರು. ಲೋಕೇಶನ ಅಜ್ಜ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಡಗಡೆಯವರು ಸೋಮಾರಿಗಳೆಂದು ಬಲಗಡೆಯವರಿಗೂ, ಬಲಗಡೆಯವರು ಸೋಮಾರಿಗಳೆಂದು ಎಡಗಡೆಯವರಿಗೂ ತುಳುವಿನಲ್ಲಿ ಹೇಳುತ್ತಿದ್ದರಂತೆ. ನಾನು ಶಾಲು ಸರಿಪಡಿಸಿಕೊಂಡು, ಕತ್ತೆತ್ತಿ, ಮಾತಿನ ಮೊದಲ ಪದಕ್ಕೆ ಉಸಿರು ತುಂಬಿಕೊಳ್ಳುತ್ತಿರುವಾಗ ಒಬ್ಬ ಹೆಂಗಸು ಒದ್ದೆ ಹಗ್ಗವನ್ನು ತಂದು ನನ್ನ ಕೈಗೆ ಕೊಟ್ಟು, "ಎಂತ ಸುಮ್ಮನೆ ನಿಂತದ್ದು ಮಾರಾಯ್ರೆ, ಒಂದು ಕೈ ಹಾಕಿ" ಎಂದರು. ನಾನು ರಾಜಾಪಾರ್ಟಿನವನು. ಪರದೆಯ ಹಗ್ಗವನ್ನೂ ಎಳೆದವನಲ್ಲ. ಆದರೆ ಅಷ್ಟು ಜನ ಎಳೆಯುವಾಗ ಒಬ್ಬನೇ ಬಿಟ್ಟು ನಿಂತರೆ ಆ ಹಗ್ಗ ಅಂಗೈಯ ಚರ್ಮವನ್ನು ತನ್ನೊಂದಿಗೆ ಕರೆದೊಯ್ಯುತ್ತದೆ. ಎಳೆದೆ. ಪಂಚೆ ಎತ್ತಿ ಕಟ್ಟಿ ಎಳೆದೆ. ಒಂದು ಅಲೆ ಬಂದು ಕಾಲಡಿಯ ಮರಳನ್ನು ಹೊತ್ತೊಯ್ದಾಗ ಕೂತುಕೊಂಡು ಎಳೆದೆ. ಬಿಸಿಲು ನೆತ್ತಿಗೆ ಬರುವವರೆಗೆ ನಾನು ಮಗಳ ಮದುವೆಯನ್ನು ನಿಲ್ಲಿಸಲು ಬಂದವನೋ ಸಮುದ್ರವನ್ನೇ ದಡಕ್ಕೆ ತರಲು ಬಂದವನೋ ನನಗೇ ಮರೆತುಹೋಯಿತು.

ಕಡೆಗೆ ಬಲೆ ಬಂತು. ಬೆಳ್ಳಿಯ ಬಣ್ಣದವು ಎಗರಿದವು, ಸೀಗಡಿಗಳು ಚಿಮ್ಮಿದವು, ಒಂದು ಏಡಿ ನನ್ನ ಶಾಲಿನ ಜರಿಯನ್ನು ಹಿಡಿದು ಬೆಲೆ ಕೇಳುವಂತೆ ಎಳೆಯಿತು. ತಾವು ಮಾತ್ರ ಏನೂ ಮಾಡಲಿಲ್ಲ. ಎಲ್ಲರ ಕೆಳಗೆ ತಣ್ಣಗೆ ಮಲಗಿದ್ದಿರಿ. ಉದ್ದಕ್ಕೆ, ಕಂದುಬಣ್ಣಕ್ಕೆ, ನಾಲಿಗೆ ಚಾಚಿದ ಹಾಗೆ. ನಾನು ಮೊದಲ ಬಾರಿಗೆ ತಮ್ಮನ್ನು ಕಂಡು ಮರುಗಿ, "ಅಯ್ಯೋ, ಇದನ್ಯಾರೋ ತುಳಿದುಬಿಟ್ಟವ್ರಲ್ಲಪ್ಪ" ಎಂದೆ. "ಯಾರೂ ತುಳಿದಿಲ್ಲ ಸಾರ್, ಅದು ಇರೋದೇ ಹಂಗೆ" ಎಂದ ಲೋಕೇಶ. ಒಳ್ಳೆಯ ಮೀನನ್ನೆಲ್ಲ ವ್ಯಾಪಾರದವರು ಐಸು ಪೆಟ್ಟಿಗೆಗೆ ತುಂಬಿದರು. ತಮ್ಮತ್ತ ತಿರುಗಿಯೂ ನೋಡಲಿಲ್ಲ. ಹೆಂಗಸರು ತಮ್ಮನ್ನು ಬಕೆಟ್ಟಿಗೆ ಹಾಕಿಕೊಂಡು ಮನೆಗೆ ಹೊರಟರು. ತಮ್ಮ ಹೆಸರೇನೆಂದು ಕೇಳುವ ಸೌಜನ್ಯ ನನಗೆ ತೋಚಲಿಲ್ಲ. ಸಮಸ್ತ ಅನಾಹುತದ ಬೀಜ ಅಲ್ಲೇ ಬಿತ್ತು.

ಮನೆಗೆ ಬಂದು ಕೈಕಾಲು ತೊಳೆದು ಕೂತರೆ, ವನಜಕ್ಕ ನನಗೋಸ್ಕರವೇ ಮಲ್ಪೆಯಿಂದ ತರಿಸಿದ್ದ ಅಂಜಲ್ ಮೀನಿನ ಹೋಳುಗಳನ್ನು ಹುರಿದು ಬಾಳೆಲೆಯ ಮೇಲಿಟ್ಟು ತಂದರು. ಅಂಜಲ್ ಎಂದರೆ ತಮಗೆ ಗೊತ್ತಿರಬಹುದು, ತಮ್ಮ ಬೀದಿಯ ಶ್ರೀಮಂತರು. ಶಪಥ ನೆನಪಾಗಿ, "ಸಮುದ್ರದ ಮೀನು ನನಗೆ ಆಗಿಬರಲ್ಲಮ್ಮ, ನೀರು ಸಾಕು" ಎಂದೆ. ಆಕೆ ಬೇಸರಿಸದೆ ಎಲೆಯನ್ನು ಒಳಗಿಟ್ಟು ಬಂದು, ಅಜ್ಜನ ಮುಂದೆ ತಟ್ಟೆ ಇಟ್ಟು ತುಳುವಿನಲ್ಲಿ ಏನೋ ಕೇಳಿ, ಕುಚ್ಚಲಕ್ಕಿ ಗಂಜಿ ಬಡಿಸಿದರು. ಕೆಂಪು ಅಗುಳು, ಮೇಲೆ ಹಬೆ, ಬದಿಗೆ ಒಂದು ಚೂರು ಮಾವಿನ ಮಿಡಿ. ಬೆಳಗಿನಿಂದ ಸಮುದ್ರವನ್ನು ಎಳೆದ ಹೊಟ್ಟೆ ನನ್ನದು. ಗಂಜಿಯೆಂದರೆ ಮುಕ್ಕಾಲು ನೀರೇ ಅಲ್ಲವೇ, ನೀರು ಕುಡಿಯಲು ಶಪಥದ ಅಡ್ಡಿಯಿಲ್ಲವಲ್ಲ ಎಂದು ಒಳಗೊಳಗೇ ವಾದ ಮಂಡಿಸಿ, ತೀರ್ಪನ್ನೂ ನಾನೇ ಕೊಟ್ಟುಕೊಂಡು, ನಮ್ಮೂರ ಆಡುಗನ್ನಡದಲ್ಲಿ ಒಂದೇ ಒಂದು ಮಾತು ಹೇಳಿದೆ.

"ನಂಗೂ" ಎಂದೆ.

ವನಜಕ್ಕನ ಸೌಟು ಗಾಳಿಯಲ್ಲಿ ನಿಂತಿತು. "ಎಂತ, ನಂಗಾ?" ಎಂದರು. "ಹೂಂ, ನಂಗೂ" ಎಂದೆ. "ಅಂಜಲ್ ಬೇಡ ಹೇಳಿದ್ರಿ. ನಂಗೇ ಬೇಕಾ ನಿಮಗೆ?" ಎಂದರು. ಒಂದೇ ವಾಕ್ಯದಲ್ಲಿ 'ನಂಗೇ' ಎಂದೂ 'ನಿಮಗೆ' ಎಂದೂ ಎರಡು ಹೇಗೆ ಬಂದವು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಕರಾವಳಿಯ ಕನ್ನಡ ಹೀಗೇ ಇರಬಹುದು, ಗೌರವ ಜಾಸ್ತಿಯಾದಾಗ ಎರಡೆರಡು ಸಲ ಹೇಳುತ್ತಾರೇನೋ ಎಂದು ಬಿಟ್ಟೆ. ಹಸಿವಿನ ಹೊತ್ತಿನಲ್ಲಿ ವ್ಯಾಕರಣ ನೋಡುವವರು ಯಾರು? "ನಂಗೇ ಕಣಮ್ಮ, ಇನ್ಯಾರಿಗೆ ಮತ್ತೆ" ಎಂದೆ.

ಆಕೆ ಒಳಗೆ ಹೋದರು. ಬಾಣಲೆ ಸದ್ದು ಮಾಡಿತು. ಗಂಜಿ ಬಡಿಸಲು ಬಾಣಲೆ ಯಾಕೆ ಎಂದುಕೊಳ್ಳುತ್ತಿದ್ದಂತೆ ತೆಂಗಿನೆಣ್ಣೆಯ, ಒಣಮೆಣಸಿನ, ಹುಣಸೆಯ ಪರಿಮಳ ಬಂದು ನನ್ನ ಶಾಲಿನೊಳಗೆ ಕೂತಿತು. ಆಮೇಲೆ ಗಂಜಿ ಬಂತು, ಅದರ ಪಕ್ಕದಲ್ಲಿ, ಮೇಲಂಗಿ ಸುಲಿಸಿಕೊಂಡು, ಕೆಂಪು ಮಸಾಲೆ ಬಳಿದುಕೊಂಡು, ಅಂಚುಗಳೆಲ್ಲ ಗರಿಗರಿಯಾಗಿ, ತಟ್ಟೆಗಿಂತ ಉದ್ದವಾಗಿ, ತಾವು. "ನಮ್ಮಲ್ಲಿ ನೆಂಟರಿಗೆ ಅಂಜಲ್, ಮನೆಯವರಿಗೆ ನಂಗು. ಹೊರಗಿನವರಿಗೆ ಇದನ್ನು ಹಾಕಿದ್ರೆ ಮರ್ಯಾದೆ ಅಲ್ಲ ಅಂತ ಒಳಗಿಟ್ಟದ್ದು. ನೀವೇ ಬಾಯಿಬಿಟ್ಟು ಕೇಳಿದ್ರಿ. ಇನ್ನು ನಾನು ಎಂತ ಹೇಳುದು" ಎಂದು ವನಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಅಜ್ಜ ಏನೋ ಅಂದರು. "ಮನೆಯವರಾಗಿಬಿಟ್ರಿ ಅಂತಿದಾರೆ ಸಾರ್" ಎಂದ ಲೋಕೇಶ.

ಮಹನೀಯರೇ, ನಾನು ಆ ಕ್ಷಣವೇ ಎದ್ದು ನಿಂತು, ಬಸ್ಸಿನಲ್ಲಿ ಪಳಗಿಸಿದ್ದ ಮಾತನ್ನು ಮೊಳಗಿಸಬಹುದಿತ್ತು. ಏಳುವ ಮೊದಲು, ಎಷ್ಟಾದರೂ ಮುಂದೆ ಇಟ್ಟದ್ದನ್ನು ಮುಟ್ಟದೆ ಏಳುವುದು ಅನ್ನಕ್ಕೆ ಅವಮಾನವೆಂದು ಒಂದು ಚೂರು ಮುರಿದು ಬಾಯಿಗಿಟ್ಟೆ. ಇಲ್ಲಿಂದ ಮುಂದೆ ನನ್ನ ದೂರು ತಮ್ಮ ಮೈಕಟ್ಟಿನ ಮೇಲೆ. ಬೇರೆ ಮೀನುಗಳಲ್ಲಿ ಮುಳ್ಳೆಂಬ ಮರ್ಯಾದೆ ಇರುತ್ತದೆ. ತಿನ್ನುವವನು ಆಗಾಗ ನಿಂತು, ಕೆಮ್ಮಿ, ತಾನು ಎಲ್ಲಿದ್ದೇನೆ, ಏಕೆ ಬಂದೆ ಎಂದು ನೆನೆಸಿಕೊಳ್ಳಲು ಅವಕಾಶವಿರುತ್ತದೆ. ನಮ್ಮ ಕೆರೆಯ ಮೀನುಗಳಂತೂ ಎರಡು ತುತ್ತಿಗೊಮ್ಮೆ ತಿನ್ನುವವನ ಪೂರ್ವಾಪರ ವಿಚಾರಿಸುತ್ತವೆ. ತಮ್ಮಲ್ಲೋ ನಡುವೆ ಒಂದೇ ಸಾಲು ಮುಳ್ಳು, ಅದೂ ಬಾಚಣಿಗೆಯ ಹಾಗೆ ಶಿಸ್ತಾಗಿ. ಅದರ ಮೇಲಿಂದ ಬೆಣ್ಣೆಯಂಥ ಮಾಂಸವನ್ನು ಬೆರಳು ತಾಕಿಸಿದರೆ ಸಾಕು, ಹಾಸಿಗೆಯಿಂದ ಹೊದಿಕೆ ಜಾರುವಂತೆ ಜಾರುತ್ತದೆ. ಒಂದು ಕಡೆ ಮುಗಿಯಿತೆಂದು ತಿರುಗಿಸಿದರೆ ಇನ್ನೊಂದು ಕಡೆ ಹೊಸದಾಗಿ ಶುರು. ಹುಳಿ ಖಾರದ ಆ ಮಸಾಲೆ ಗಂಜಿಯ ಬೆಚ್ಚನೆಯ ನೀರಿಗೆ ಇಳಿದಾಗ, ನನ್ನ ನಿರಾಕರಣೆಯ ಭಾಷಣ ಮೊದಲ ಭಾಗದಿಂದ ಕೊನೆಯ ಭಾಗದವರೆಗೆ ಸಾಲಾಗಿ ಗಂಟಲಲ್ಲಿ ಇಳಿದುಹೋಯಿತು. ಮತ್ತೆ ಬಾಯಿ ತೆರೆದದ್ದು, "ಇನ್ನೊಂದು ಐತೇನಮ್ಮ" ಎಂದು ಕೇಳಲಿಕ್ಕೆ.

ಊರಿಗೆ ಮರಳಿದಾಗ ದಾಸರಹಳ್ಳಿಯ ಬಸ್ ನಿಲ್ದಾಣಕ್ಕೆ ಬಿಂದುಶ್ರೀ ಸ್ಕೂಟರು ತಂದಿದ್ದಳು. ಸುದ್ದಿ ನನಗಿಂತ ಮೊದಲೇ ತಲುಪಿತ್ತು. "ನೀನೇ ಕೇಳಿ ಇಸ್ಕೊಂಡು ತಿಂದ್ಯಂತಲ್ಲಪ್ಪಾ" ಎಂದಳು. ನಾನು ಹಿಂದಿನ ಸೀಟು ಹತ್ತಿದೆ. "ಎರಡನೇ ಸಲನೂ ಇಸ್ಕೊಂಡ್ಯಂತೆ." ನಾನು ಶಾಲು ಮಡಚಿಕೊಂಡೆ. "ನೀನು ಅಲ್ಲಿ ಹೋಗಿ ಡೈಲಾಗ್ ಹೊಡೆದು ಎದ್ದು ಬರ್ತೀಯ ಅಂತ ಕಾರ್ಖಾನೇಲಿ ಕೆಲಸಾನೇ ಮಾಡಕ್ಕಾಗ್ಲಿಲ್ಲ ಕಣಪ್ಪಾ. ಸರಿಯಾಗಿರೋ ಗೇರನ್ನೆಲ್ಲ ರಿಜೆಕ್ಟ್ ಮಾಡ್ಬಿಟ್ಟೆ" ಎಂದಳು. ಆಮೇಲೆ ಹೆಲ್ಮೆಟ್ಟಿನೊಳಗಿಂದ ಏನೋ ಸದ್ದು ಬಂತು; ಅಳುವೋ ನಗುವೋ ಹಿಂದಿನ ಸೀಟಿಗೆ ತಿಳಿಯಲಿಲ್ಲ. ಆ ಸಂಚಾರದ ನಡುವೆ, ಲಾರಿಗಳ ಹಾರನ್ನಿನ ನಡುವೆ, 'ನಾನು ಕೇಳಿದ್ದು ಗಂಜಿ ಕಣಮ್ಮ, ಮೀನಲ್ಲ' ಎಂದು ಹೇಗೆ ಹೇಳುವುದು? ನಾಳೆ ಹೇಳೋಣವೆಂದುಕೊಂಡೆ. ಆ ನಾಳೆಯನ್ನು ನಾನು ದಿನಾ ಬೆಳಿಗ್ಗೆ ಇನ್ನೊಂದು ನಾಳೆಗೆ ಒಪ್ಪಿಸುತ್ತ ಬಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ತಮ್ಮ ಮೇಲೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ತಾವು ನನ್ನ ನಾಲಿಗೆಯಲ್ಲೇ ಮನೆ ಮಾಡಿದಿರಿ. ಮುದ್ದೆ ಮುಂದಿಟ್ಟರೆ ತಮ್ಮ ನೆನಪು, ಮಟನ್ ಸಾರಿನ ಮುಂದೆಯೂ ತಮ್ಮ ನೆನಪು. ತಡೆಯಲಾರದೆ ನಮ್ಮ ಎಂಟನೇ ಮೈಲಿ ನಿಲ್ದಾಣದ ಹತ್ತಿರ ಮೀನಿನಂಗಡಿ ಇಟ್ಟಿರುವ ಮುತ್ತುವಿನ ಬಳಿ ಹೋದೆ. ನನ್ನ ಮುಂದೆ ರಾಮಯ್ಯ ನಿಂತು ಕಟ್ಲಾ ಮೀನು ಕೊಯ್ಯಿಸಿಕೊಳ್ಳುತ್ತಿದ್ದ. "ನಿಮ್ಗೇನಣ್ಣ" ಎಂದ ಮುತ್ತು. "ನಂಗು" ಎಂದೆ. ಸರಿಯೆಂದು ಕಟ್ಲಾ ಕತ್ತರಿಸಿ ಕೊಟ್ಟ. "ಇದಲ್ಲಪ್ಪ, ನಂಗು ಕೇಳಿದ್ದು" ಎಂದರೆ, "ಅದೇ ಅಣ್ಣ, ಅವ್ರಿಗೆ ಕೊಟ್ಟಿದ್ದೇ ನಿಮ್ಗೂ ಕೊಟ್ಟಿದ್ದು" ಎಂದ. ಮರುವಾರ ಹೋದಾಗ ನನ್ನ ಮುಂದಿನವರು ಸೀಗಡಿ ತೆಗೆದುಕೊಂಡಿದ್ದರು, ನನಗೂ ಸೀಗಡಿ. ಬೇರೆಯವರ ಹಿಂದೆ ನಿಂತರೆ ತಾನೇ ಈ ಫಜೀತಿ ಎಂದು ಅಂಗಡಿ ತೆರೆಯುವ ಮುನ್ನವೇ ಹೋಗಿ ಮೊದಲಿಗನಾಗಿ ನಿಂತು "ನಂಗು ಕೊಡು" ಎಂದರೆ, "ಕೊಡ್ತೀನಿ, ಏನು ಕೊಡ್ಲಿ ಹೇಳಣ್ಣ" ಎಂದ. ಕಡೆಗೆ ನೆಲದ ಮೇಲೆ ಅಂಗೈ ಚಪ್ಪಟೆ ಇಟ್ಟು, ಎರಡು ಬೆರಳಿನಿಂದ ಒಂದೇ ಕಡೆ ಕಣ್ಣು ತೋರಿಸಿ ಅಭಿನಯಿಸಿದ ಮೇಲೆ ಅವನಿಗೆ ಹೊಳೆಯಿತು. "ಓ, ನಾಕ್ ಮೀನಾ. ಅದ್ಯಾರಣ್ಣ ತಿಂತಾರೆ ಇಲ್ಲಿ. ಮದ್ರಾಸ್ ಲೋಡಲ್ಲಿ ಬಂದ್ರೆ ಇಟ್ಟಿರ್ತೀನಿ." ತಮಿಳಿನಲ್ಲಿ ನಾಕ್ ಎಂದರೆ ನಾಲಿಗೆಯಂತೆ, ತಮ್ಮ ಹೆಸರು ನಾಲಿಗೆ ಮೀನಂತೆ. ಸಂತೋಷದಿಂದ ಹೊರಟೆ. ಆದರೆ ಲೋಡು ಬಂದ ದಿನ ಅಂಗಡಿಯಲ್ಲಿ ಮುತ್ತು ಇರಲಿಲ್ಲ, ಅವನ ಹೆಂಡತಿ ಇದ್ದಳು. "ನಾಕ್ ಮೀನು ಕೊಡಮ್ಮ" ಎಂದೆ. ಆಕೆ ನಾಲ್ಕು ಕಟ್ಲಾ ತೂಗಿದಳು.

ಆದಕಾರಣ ತಾವು ದಯವಿಟ್ಟು ಹೆಸರು ಬದಲಿಸಿಕೊಳ್ಳಬೇಕೆಂದು ಪ್ರಾರ್ಥನೆ. 'ಅವನಿಗು' ಎಂದು ಇಟ್ಟುಕೊಂಡರೆ ಏನೇ ಆದರೂ ತಪ್ಪು ಪಕ್ಕದವನ ತಟ್ಟೆಗೆ ಹೋಗುತ್ತದೆ. ಅದಾಗದಿದ್ದರೆ ಮುಳ್ಳನ್ನಾದರೂ ಬೆಳೆಸಿಕೊಳ್ಳಿ. ಹೆಣ್ಣು ಹೆತ್ತವರು ತಿನ್ನುವಾಗ ಮಾತ್ರ ಚುಚ್ಚಿದರೂ ಸಾಕು. ಹುಟ್ಟುವಾಗ ತಮಗೆ ಎರಡೂ ಕಡೆ ಒಂದೊಂದು ಕಣ್ಣಿರುತ್ತದಂತೆ, ಬೆಳೆಯುತ್ತ ಒಂದು ಕಣ್ಣು ತಲೆ ದಾಟಿ ಇನ್ನೊಂದರ ಪಕ್ಕಕ್ಕೆ ಬಂದು ನೆಲೆಸುತ್ತದಂತೆ. ನನ್ನ ಮಗಳು ಮೊಬೈಲಿನಲ್ಲಿ ನೋಡಿ ಹೇಳಿದಳು. ಬಾಡಿಗೆಗೆ ಬಂದು ಮನೆಯವನೇ ಆಗಿಬಿಡುವ ಈ ಕಲೆಯನ್ನು ತಮ್ಮಿಂದಲೇ ಎರಡನೇ ಮಹಡಿಯವರು ಕಲಿತದ್ದೋ ಏನೋ ತಿಳಿಯದು. ಆ ಕಣ್ಣನ್ನು ಅದರ ಮೂಲಸ್ಥಾನಕ್ಕೆ ಕಳಿಸಿ, ತಮ್ಮ ಅಡಿಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಗಮನಿಸಬೇಕಾಗಿಯೂ ವಿನಂತಿ.

ಇಷ್ಟನ್ನು ಬರೆದು ಇಲ್ಲಿಗೇ ಸಹಿ ಹಾಕಿದ್ದರೆ ನಾನು ಸುಖಿ. ಆದರೆ ನ್ಯಾಯದ ದೃಷ್ಟಿಯಿಂದ ಮುಂದಿನದನ್ನೂ ಹೇಳಲೇಬೇಕು.

ತಾಂಬೂಲ ಬದಲಾಯಿಸುವ ಶಾಸ್ತ್ರಕ್ಕೆ ಗಂಡಿನ ಕಡೆಯವರು ಹಿಂದಿನ ದಿನವೇ ಬಾಗಲಗುಂಟೆಗೆ ಬಂದರು. ವನಜಕ್ಕ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸು ತುಂಬಿ ತಮ್ಮನ್ನು ಕರೆತಂದಿದ್ದರು. ತಾಂಬೂಲ ಕೈ ಬದಲಾಗುವ ಮೊದಲು ಸತ್ಯ ಹೇಳಿಬಿಡಬೇಕು, ಗೊತ್ತಿಲ್ಲದೆ ತಿಂದ ಮೀನಿನ ಮೇಲೆ ಒಂದು ಮದುವೆ ನಿಲ್ಲಬಾರದು ಎಂದು ಗಟ್ಟಿಮಾಡಿಕೊಂಡು ನಾನು ಅಡುಗೆಮನೆಯ ಬಾಗಿಲಿಗೆ ಹೋದೆ. ವನಜಕ್ಕ ಒಂದು ಒಲೆಯಲ್ಲಿ ಚಹಾ ಇಟ್ಟು, ಇನ್ನೊಂದರಲ್ಲಿ ತಮ್ಮನ್ನು ಹುರಿಯುತ್ತಿದ್ದರು. ವೆಂಕಟಮ್ಮ ಮಂಡಿ ನೀವಿಕೊಳ್ಳುತ್ತ ಮಣೆಯ ಮೇಲೆ ಕೂತಿದ್ದಳು. ಬಿಂದುಶ್ರೀಗೆ ಚಹಾ ಬಗ್ಗಿಸಿ ಕೊಟ್ಟದ್ದನ್ನು ಕಂಡು ವೆಂಕಟಮ್ಮ, "ನಂಗೂ" ಎಂದಳು.

ವನಜಕ್ಕ ತಕ್ಷಣ ತಿರುಗಿ, "ಯಾವ ನಂಗು ಅಕ್ಕ? ನಿಮಗೂ ಅಂತಲಾ, ಮೀನಾ?" ಎಂದು ಕೇಳಿದರು. ಕೇಳಿ ಮುಗಿಸುವಷ್ಟರಲ್ಲಿ ಬಾಗಿಲಲ್ಲಿದ್ದ ನನ್ನನ್ನು ಕಂಡರು.

ಮಾನ್ಯರೇ, ಎದುರು ಪಾತ್ರಧಾರಿ ಮಾತು ಮರೆತರೆ ಅವನ ಮುಖ ನೋಡಿಯೇ ಹೇಳಬಲ್ಲವನು ನಾನು. ಆಕೆ ಮಾತು ಮರೆತಿರಲಿಲ್ಲ. ಮೊದಲಿನಿಂದಲೂ ಎಲ್ಲ ಮಾತೂ ಗೊತ್ತಿತ್ತು. "ಅವತ್ತು ನನ್ನನ್ನ ಹಿಂಗೇ ಯಾಕಮ್ಮ ಕೇಳ್ಲಿಲ್ಲ?" ಎಂದೆ. ಆಕೆ ತಮ್ಮನ್ನು ಬಾಣಲೆಯಲ್ಲಿ ನಿಧಾನವಾಗಿ ಮಗುಚಿ ಹಾಕಿ ಹೇಳಿದರು: "ಎರಡು ಸಲ ಕೇಳಿದ್ದೇನಲ್ಲ ಶ್ಯಾಮಣ್ಣ. ಎರಡು ಸಲವೂ ನೀವು ನಂಗೇ ಅಂದ್ರಿ. ನನ್ನ ಮಗ ಬೆಂಗಳೂರಿಂದ ರಜೆಗೆ ಬಂದಾಗೆಲ್ಲ ನಂಗೂ ನಂಗೂ ಅಂತಲೇ ಮಾತಾಡುದು, ಅದು ನನಗೆ ಗೊತ್ತಾಗುದಿಲ್ವಾ. ನೀವು ಬೇಡ ಹೇಳಲಿಕ್ಕೆ ಬಂದದ್ದು ನಿಮ್ಮ ಶಾಲು ನೋಡುವಾಗಲೇ ಗೊತ್ತಾಯ್ತು. ಒಪ್ಪಲಿಕ್ಕೆ ಬರುವವರು ಅಷ್ಟು ಇಸ್ತ್ರಿ ಹಾಕಿಕೊಂಡು ಬರುದಿಲ್ಲ. ಈ ಹುಡುಗಿ ಹಿಂದಿನ ದಿನ ಫೋನಿನಲ್ಲಿ ಅತ್ತದ್ದು ಬೇರೆ ನನ್ನ ಕಿವಿಯಲ್ಲೇ ಇತ್ತು. ನೀವು ಬಾಯಿ ತೆರೆದ್ರೆ ಎಂತಾದ್ರೂ ತುಂಬಿಸಬೇಕು ಅಂತ ಕಾಯ್ತಾ ಇದ್ದೆ. ನೀವೇ ಮೀನಿನ ಹೆಸರು ಹೇಳಿದ್ರಿ." ಆಮೇಲೆ ಒಲೆಯ ಉರಿ ಸಣ್ಣ ಮಾಡಿದರು. "ನಾನು ಮಾಡಿದ್ದು ತಪ್ಪು ಅಂತ ಕಂಡ್ರೆ ಈಗ ಹೇಳಿ. ತಾಂಬೂಲ ಇನ್ನೂ ಬದಲಾಗ್ಲಿಲ್ಲ. ಬೇಡ ಅಂದ್ರೆ ನಾವು ಬೇಜಾರು ಮಾಡದೆ ಎದ್ದು ಹೋಗ್ತೇವೆ."

ಚಹಾದ ಲೋಟ ಹಿಡಿದ ಬಿಂದುಶ್ರೀ ಕುಡಿಯಲೂ ಇಲ್ಲ, ಕೆಳಗಿಡಲೂ ಇಲ್ಲ. ವೆಂಕಟಮ್ಮ ಮಂಡಿ ನೀವುವುದನ್ನು ನಿಲ್ಲಿಸಿದಳು. ಇಷ್ಟು ದಿನ ನನ್ನ ನೆರವಿಗೆ ತಾವಿದ್ದಿರಿ. ತಪ್ಪು ಕೇಳಿಸಿಕೊಂಡವರು ಅವರು, ಸಿಕ್ಕಿಬಿದ್ದವನು ನಾನು ಎಂಬ ನೆರಳಿತ್ತು. ಈಗ ಯಾವ ನೆಪವೂ ಉಳಿಯಲಿಲ್ಲ. ಬೇಡ ಎನ್ನಬಹುದಿತ್ತು, ಭಾಷಣವೂ ಪೂರ್ತಿ ಬಾಯಿಗೆ ಬಂದಿತ್ತು. ಮಗಳ ಕೈಯಲ್ಲಿನ ಲೋಟ ಸಣ್ಣಗೆ ಅಲುಗುತ್ತಿತ್ತು. ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆ ಹಿಡಿಯುವ ಕೈ ಅದು, ಅಲುಗಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾನು ಪಂಚೆ ಸರಿಪಡಿಸಿಕೊಂಡೆ. ಇನ್ನೊಮ್ಮೆ ಯಾರೂ ತಪ್ಪು ಕೇಳಿಸಿಕೊಳ್ಳಬಾರದೆಂದು, ಒಂದಕ್ಷರವನ್ನೂ ನುಂಗದೆ, ಗ್ರಾಂಥಿಕವಾಗಿ, ಬಿಡಿಬಿಡಿಯಾಗಿ ಹೇಳಿದೆ: "ಈ ಸಂಬಂಧವು ನನಗೆ ಸರ್ವಥಾ ಸಮ್ಮತವಾಗಿದೆ."

"ಅದ್ಕೆ ಅಷ್ಟುದ್ದ ಯಾಕ್ ಏಳ್ತೀಯ, ಊಂ ಅಂದ್ರೆ ಸಾಲ್ದಾ" ಎಂದಳು ವೆಂಕಟಮ್ಮ. ಬಿಂದುಶ್ರೀ ಲೋಟವನ್ನು ಕಟ್ಟೆಯ ಮೇಲಿಟ್ಟು, ಬಂದು, ನನ್ನ ತೋಳಿಗೆ ಹಣೆ ಒತ್ತಿ ನಿಂತಳು.

ಹೀಗಾಗಿ ಕಾನೂನಿನ ಪ್ರಕಾರ ತಮ್ಮ ಮೇಲಿನ ಆಪಾದನೆ ಬಿದ್ದುಹೋಯಿತು. ಹಾಗಿದ್ದೂ ಈ ಬಹಿರಂಗ ಪತ್ರವೇಕೆಂದು ತಾವು ಕೇಳಬಹುದು. ನಾನು ಒಪ್ಪಿದ್ದು ಯಾಕೆ ಎಂದು ರಾಮಯ್ಯ ಅರಳಿಕಟ್ಟೆಯಲ್ಲಿ ದಿನಾ ಕೇಳುತ್ತಿದ್ದಾನೆ. ಆಯುಷ್ಯವನ್ನೆಲ್ಲ ರಂಗದ ಮೇಲೆ ಸವೆಸಿದ ನನ್ನನ್ನು, ಸೌಟು ಹಿಡಿದ ಒಬ್ಬ ಹೆಂಗಸು ಎರಡಕ್ಷರದ ಪಾತ್ರದಲ್ಲಿ ಸೋಲಿಸಿದಳೆಂದು ಅವನಿಗೆ ಹೇಳಲು ಬರುವುದಿಲ್ಲ. ಮಗಳ ಕೈ ಅಲುಗಿತೆಂದು ಹೇಳಲು ಅದಕ್ಕಿಂತಲೂ ಬರುವುದಿಲ್ಲ. ಆದ್ದರಿಂದ ಸಮಸ್ತ ಹೊಣೆಯನ್ನೂ ತಾವೇ ಹೊತ್ತುಕೊಂಡು, 'ಹೌದು, ನಾನೇ ಮಾಡಿದೆ' ಎಂದು ಬಹಿರಂಗವಾಗಿ ಒಪ್ಪಿಕೊಂಡು ಉಪಕರಿಸಬೇಕು. ಹೇಗೂ ತಾವು ಹುಟ್ಟಾ ತುಳಿಸಿಕೊಂಡವರಂತೆ ಕಾಣುತ್ತೀರಿ. ಇದೊಂದು ಭಾರ ತಮಗೆ ಹೆಚ್ಚಾಗಲಾರದು.

ತಮ್ಮ ಎರಡೂ ಮಗ್ಗುಲಿನ ರುಚಿಗೆ ಸಿಕ್ಕಿಬಿದ್ದ ವಿಶ್ವಾಸಿ,
ಶ್ಯಾಮಣ್ಣ,
ಬಾಗಲಗುಂಟೆ.

ತಾಜಾ ಕಲಂ: ಮದುವೆಯ ಮಾರನೆಯ ದಿನ ನಮ್ಮ ತಾರಸಿಯಲ್ಲಿ ಬೀಗರೂಟ. ಮಟನ್ನಿನ ಹಂಡೆಯ ಪಕ್ಕದಲ್ಲಿ ತಮಗೆಂದೇ ಒಂದು ದೊಡ್ಡ ಬಾಣಲೆ ಇಡಿಸುತ್ತಿದ್ದೇನೆ. ಅಡುಗೆಯ ಅಮರಪ್ಪ, "ಬೀಗರೂಟಕ್ಕೆ ಇಂಥ ಬಡಕಲು ಮೀನು ಹಾಕಿದ್ರೆ ನನ್ನ ಹೆಸರು ಕೆಡುತ್ತೆ ಸಾಮಿ" ಎಂದ. ಅವನಿಗೆ ನಾನು ಕೊಟ್ಟ ಉತ್ತರ ಬಹಿರಂಗ ಪತ್ರದಲ್ಲಿ ಬರೆಯುವಂಥದ್ದಲ್ಲ. ತಾವು ಪರಿವಾರ ಸಮೇತರಾಗಿ ಬಂದು ನಡೆಸಿಕೊಡಬೇಕು. ಉಡುಗೊರೆ ಬೇಡ. ಚರ್ಮವನ್ನು ಊರಲ್ಲೇ ಬಿಟ್ಟು ಬಂದರೆ ನಮ್ಮ ಹೆಂಗಸರಿಗೆ ಅಷ್ಟು ಶ್ರಮ ಉಳಿದೀತು.